ಆತಂಕಕ್ಕೆ ಚಿಕಿತ್ಸೆ: ತಾಲೂಕಿಗೆ ಬಂದದ್ದು, ಇನ್ನೂ ಬರಬೇಕಾದದ್ದು

'ಎದಿ ಢವಢವ ಅಂತೈತ್ರಿ, ಜೀವಾ ಹೋದಂಗ ಆಗತೈತ್ರಿ' ಎಂದು ಚಡಚಣ, ಇಂಡಿ, ಸಿಂದಗಿ ಕಡೆಯವರು ದವಾಖಾನೆಗೆ ಬಂದರೆ ಮೊದಲು ಇಸಿಜಿ ಮಾಡುತ್ತಾರೆ. ಅದು ಸರಿಯಾದ ಕ್ರಮವೇ. ಆದರೆ ಹೃದಯ, ಥೈರಾಯ್ಡ್ ಚೆನ್ನಾಗಿವೆ ಎಂದು ಗೊತ್ತಾದ ಮೇಲೆ 'ಏನೂ ಇಲ್ಲ, ಧೈರ್ಯ ತಗೋ' ಎಂದು ಕಳಿಸಿಬಿಟ್ಟರೆ ನಿಜವಾದ ಕಾಯಿಲೆಯಾದ ಆತಂಕ ಹಾಗೇ ಉಳಿಯುತ್ತದೆ.

ಈ ಕಾಯಿಲೆಗೆ ವೈದ್ಯಶಾಸ್ತ್ರ ಪ್ರತ್ಯೇಕ ಸ್ಥಾನ ಕೊಟ್ಟದ್ದು ತಡವಾಗಿ. 1895ರಲ್ಲಿ ಫ್ರಾಯ್ಡ್ ಆತಂಕವನ್ನು ನರದೌರ್ಬಲ್ಯದಿಂದ ಬೇರ್ಪಡಿಸಿದರು. 1980ರ ಅಮೆರಿಕದ ರೋಗವರ್ಗೀಕರಣ ಅದನ್ನು ಮತ್ತೆ ವಿಂಗಡಿಸಿತು: ನಿಮಿಷಗಳಲ್ಲಿ ಉಕ್ಕೇರುವ ಪ್ಯಾನಿಕ್ ಒಂದು, ತಿಂಗಳುಗಟ್ಟಲೆ ಬಿಡದೆ ಕಾಡುವ ಚಿಂತೆ ಇನ್ನೊಂದು.

ಚಿಕಿತ್ಸೆ ಎರಡು ದಾರಿಯಲ್ಲಿ ಬೆಳೆಯಿತು. ಔಷಧಿಯ ದಾರಿಯಲ್ಲಿ 1960ರಲ್ಲಿ ಲಿಬ್ರಿಯಂ, 1963ರಲ್ಲಿ ವ್ಯಾಲಿಯಂ ಬಂದವು. ಬೇಗ ಶಮನ ಕೊಟ್ಟರೂ ಅವು ಚಟವಾಗಬಲ್ಲವೆಂದು ಮುಂದೆ ತಿಳಿಯಿತು. ಇಂದು ಮೊದಲ ಆಯ್ಕೆಯಾಗಿರುವ ಎಸ್‌ಎಸ್‌ಆರ್‌ಐ ಮಾತ್ರೆಗಳಿಗೆ ಆ ಗುಣವಿಲ್ಲ. ಆದರೆ ಗುಣ ಕಾಣಲು ಕೆಲವು ವಾರ ಬೇಕು, ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು.

ಇನ್ನೊಂದು ಮಾತಿನ ದಾರಿ. 1958ರಲ್ಲಿ ಜೋಸೆಫ್ ವೋಲ್ಪೆ ಭಯದ ಸಂಗತಿಯನ್ನು ಹಂತಹಂತವಾಗಿ ಎದುರಿಸುವ ವಿಧಾನ ರೂಪಿಸಿದರು. 1960ರ ದಶಕದಲ್ಲಿ ಆರನ್ ಬೆಕ್ ಯೋಚನೆಯನ್ನೇ ಪರೀಕ್ಷಿಸಿ ತಿದ್ದುವ ಚಿಕಿತ್ಸೆ ತಂದರು. ಎರಡೂ ಬೆರೆತದ್ದೇ ಇಂದಿನ ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಬಸ್ಸಿಗೆ ಅಂಜುವವರು ಬಸ್ಸನ್ನು ತಪ್ಪಿಸಿದಷ್ಟೂ ಅಂಜಿಕೆ ಬಲಿಯುತ್ತದೆ. ಮೊದಲು ನಿಲ್ದಾಣದವರೆಗೆ, ಆಮೇಲೆ ಮುಂದಿನ ಊರಿನವರೆಗೆ, ಕೊನೆಗೆ ಸೊಲ್ಲಾಪುರದವರೆಗೆ ಹೋಗಿಬಂದರೆ ಅಪಾಯವಿಲ್ಲವೆಂಬುದನ್ನು ದೇಹ ತಾನೇ ಕಲಿಯುತ್ತದೆ.

ನಮ್ಮ ನಾಡಿನಲ್ಲಿ ಮನೋರೋಗ ಚಿಕಿತ್ಸೆಯ ಪಯಣ ಹುಚ್ಚಾಸ್ಪತ್ರೆಯಿಂದ ಶುರುವಾಯಿತು. ಧಾರವಾಡದ ಆಸ್ಪತ್ರೆ 1845ರದು, ಅದೇ ಇಂದಿನ ಡಿಮ್ಹಾನ್ಸ್. ಬೆಂಗಳೂರಿನಲ್ಲಿ 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. 'ಮನಮಂಥನ' ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಡಾ. ಎಂ. ಶಿವರಾಂ ಮನೋವಿಜ್ಞಾನವನ್ನು ಕನ್ನಡದ ಓದುಗರ ಮನೆಗೆ ತಂದರು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿ. ಮುಂದೆ ರಾಜ್ಯದ 'ಮನೋಚೈತನ್ಯ' ಯೋಜನೆ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳಿಸಿತು.

ಆದರೂ ಕೊರತೆ ದೊಡ್ಡದು. 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಆತಂಕ, ಖಿನ್ನತೆಯಂಥ ಸಾಮಾನ್ಯ ಮನೋರೋಗಗಳುಳ್ಳವರಲ್ಲಿ ಸುಮಾರು ನೂರಕ್ಕೆ 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮಾತ್ರೆ ತಾಲೂಕಿಗೆ ಬಂದಷ್ಟು ಮಾತಿನ ಚಿಕಿತ್ಸೆ ಬಂದಿಲ್ಲ. ಚಡಚಣ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳಲ್ಲಿ ತರಬೇತಾದ ಆಪ್ತಸಮಾಲೋಚಕರನ್ನು ನೇಮಿಸುವುದು ಸರ್ಕಾರದ ಮುಂದಿನ ಹೆಜ್ಜೆಯಾಗಬೇಕು.

ಅಲ್ಲಿಯವರೆಗೂ ಸುಮ್ಮನೆ ನರಳಬೇಕಿಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಅದು ಉಚಿತ. ಸಂಖ್ಯೆ 14416. ಮನೆಯಲ್ಲಿ ಯಾರಾದರೂ ಹೀಗೆ ಹೈರಾಣಾಗಿದ್ದರೆ ಈ ಸಂಖ್ಯೆಯನ್ನು ಅವರ ಕೈಗೆ ಕೊಡಿ.