ಹಲ್ಲು ತುಂಬಿಸಿದ ಮೇಲೆ: ಊಟ, ಆರೈಕೆ, ಎಚ್ಚರ

ಹುಳುಕು ಹಲ್ಲಿಗೆ ‘ಸಿಮೆಂಟ್’ ಹಾಕಿಸಿಕೊಂಡವರು ದಂತವೈದ್ಯರ ಕುರ್ಚಿಯಿಂದ ಇಳಿಯುತ್ತಲೇ ಕೇಳುವ ಪ್ರಶ್ನೆ, ಊಟ ಯಾವಾಗ ಮಾಡಬಹುದು ಎಂಬುದು. ಅದಕ್ಕೆ ಉತ್ತರ ಸುಲಭ. ಅದೇ ಹಲ್ಲು ಮತ್ತೆ ಹುಳುಕಾಗದಂತೆ ನೋಡಿಕೊಳ್ಳುವುದು ಹೇಗೆ ಎಂದು ಕೇಳುವವರು ವಿರಳ. ಫಿಲ್ಲಿಂಗ್ ಮುಚ್ಚುವುದು ಕುಳಿಯನ್ನು ಮಾತ್ರ. ಕುಳಿಗೆ ಕಾರಣವಾದ ದಂತಕ್ಷಯ ಬಾಯಿಯಲ್ಲಿ ಮುಂದುವರಿದರೆ, ಹಲ್ಲೂ ಫಿಲ್ಲಿಂಗೂ ಕೂಡುವ ಅಂಚಿನಲ್ಲೇ ಹೊಸ ಹುಳುಕು ಆರಂಭವಾಗುತ್ತದೆ. ಆಗ ಹಳೆಯದನ್ನು ತೆಗೆದು ಹೊಸದನ್ನು ತುಂಬಬೇಕು. ಪ್ರತಿ ಬಾರಿಯೂ ಹಲ್ಲಿನ ಇನ್ನಷ್ಟು ಭಾಗ ಕೊರೆತಕ್ಕೆ ಬಲಿಯಾಗುತ್ತದೆ.

ಎಷ್ಟು ಹೊತ್ತು ಕಾಯಬೇಕು?

ಇದು ತುಂಬಿಸಿದ ವಸ್ತುವನ್ನು ಅವಲಂಬಿಸಿದೆ. ಹಲ್ಲಿನ ಬಣ್ಣದ ಕಾಂಪೋಸಿಟ್ ರಾಳವನ್ನು ನೀಲಿ ಬೆಳಕು ಹಾಯಿಸಿ ಸ್ಥಳದಲ್ಲೇ ಗಟ್ಟಿಗೊಳಿಸಲಾಗುತ್ತದೆ. ಹೀಗಾಗಿ ಮರಗಟ್ಟಿದ ಬಾಯಿ ಸರಿಹೋದ ಕೂಡಲೇ ಊಟ ಮಾಡಬಹುದು.

ಗ್ಲಾಸ್ ಅಯನೊಮರ್ ಸಿಮೆಂಟ್ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾದರೂ ಪೂರ್ಣ ಬಲ ಪಡೆಯಲು ಹೆಚ್ಚು ಸಮಯ ಬೇಕು. ಕನಿಷ್ಠ ಒಂದು ಗಂಟೆ ಏನನ್ನೂ ಅಗಿಯದಿರುವುದು ಒಳಿತು.

ಪಾದರಸದೊಂದಿಗೆ ಬೆಳ್ಳಿ, ತವರ, ತಾಮ್ರಗಳನ್ನು ಬೆರೆಸಿದ ಅಮಾಲ್ಗಮ್, ಅಂದರೆ ‘ಬೆಳ್ಳಿ’ ತುಂಬಿಸಿದ್ದರೆ 24 ಗಂಟೆಗಳ ಕಾಲ ಬಾಯಿಯ ಇನ್ನೊಂದು ಬದಿಯಲ್ಲೇ ಅಗಿಯಬೇಕು. ಪಾದರಸದ ಕಾರಣದಿಂದ ಇದರ ಬಳಕೆ ಇಳಿಮುಖವಾಗಿದೆ. ಐರೋಪ್ಯ ಒಕ್ಕೂಟ 2025ರ ಜನವರಿಯಿಂದ ಇದನ್ನು ಬಹುತೇಕ ನಿಷೇಧಿಸಿದೆ.

ಬಾಯಿ ಮರಗಟ್ಟಿದ್ದಾಗ

ಇಂಜೆಕ್ಷನ್‌ನ ಪರಿಣಾಮ ಎರಡು, ಮೂರು ಗಂಟೆ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಹೊತ್ತು ಉಳಿಯುತ್ತದೆ. ಈ ಅವಧಿಯಲ್ಲಿ ತುಟಿ, ನಾಲಿಗೆ, ಕೆನ್ನೆ ಹಲ್ಲಿಗೆ ಸಿಕ್ಕರೂ ನೋವು ತಿಳಿಯದು. ಬಿಸಿ ಕಾಫಿ ಬಾಯಿ ಸುಟ್ಟರೂ ಅರಿವಾಗದು. ಮಕ್ಕಳು ಮರಗಟ್ಟಿದ ತುಟಿಯನ್ನು ಆಟವಾಗಿ ಕಚ್ಚಿ ಹುಣ್ಣು ಮಾಡಿಕೊಳ್ಳುವುದುಂಟು. ಮರಗಟ್ಟುವಿಕೆ ಹೋಗುವವರೆಗೆ ಹೆತ್ತವರು ಅವರ ಮೇಲೆ ಕಣ್ಣಿಡಬೇಕು.

ಮೊದಲ ದಿನಗಳ ಊಟ

ಮೊದಲ ಒಂದೆರಡು ದಿನ ಇಡ್ಲಿ, ಉಪ್ಪಿಟ್ಟು, ಮೊಸರನ್ನ, ಬೇಳೆ ಕಟ್ಟಿನ ಸಾರು, ಗಂಜಿಯಂಥ ಮೆತ್ತನೆಯ ಆಹಾರ ಸೂಕ್ತ. ಅಗಿಯದೆ ನುಂಗುವ ರಾಗಿಮುದ್ದೆ ಇನ್ನೂ ಅನುಕೂಲ. ಬಿಸಿ ಸ್ವಲ್ಪ ಆರಿರಬೇಕು ಅಷ್ಟೆ. ಚಕ್ಕುಲಿ, ನಿಪ್ಪಟ್ಟು, ಖಡಕ್ ರೊಟ್ಟಿ, ಹುರಿಗಡಲೆಗಳನ್ನು ಕೆಲವು ದಿನ ದೂರವಿಡಬೇಕು. ಅಂಟುವ ಚಿಕ್ಕಿ, ಚಾಕೊಲೇಟುಗಳು ತಾತ್ಕಾಲಿಕ ಫಿಲ್ಲಿಂಗ್ ಇದ್ದರೆ ಅದನ್ನೇ ಕಿತ್ತು ತರಬಲ್ಲವು. ಫಿಲ್ಲಿಂಗ್ ದೊಡ್ಡದಿದ್ದರೆ ಆ ಹಲ್ಲಿನಿಂದ ಕಬ್ಬು ಸಿಗಿಯುವುದನ್ನೂ ಅಡಿಕೆ ಒಡೆಯುವುದನ್ನೂ ಬಿಟ್ಟುಬಿಡುವುದೇ ಲೇಸು. ಹಲ್ಲು ಸೀಳಿದರೆ ಕೆಲವೊಮ್ಮೆ ಕೀಳಿಸದೆ ಬೇರೆ ದಾರಿ ಇರುವುದಿಲ್ಲ.

ಯಾವ ನೋವು ಸಹಜ?

ತಣ್ಣೀರು, ಐಸ್‌ಕ್ರೀಂ, ಬಿಸಿ ಚಹಾ ತಾಗಿದಾಗ ಹಲ್ಲು ಕ್ಷಣಕಾಲ ಜುಮ್ಮೆನ್ನುವುದು ಸಹಜ. ಒಂದೆರಡು ವಾರಗಳಲ್ಲಿ ಇದು ತಾನಾಗಿ ಕಡಿಮೆಯಾಗುತ್ತದೆ.

ಹಲ್ಲು ಕಚ್ಚಿದಾಗ ಹೊಸ ಫಿಲ್ಲಿಂಗ್ ಮೊದಲು ತಾಗಿ ನೋಯುತ್ತಿದ್ದರೆ ಅದು ತುಸು ಎತ್ತರವಾಗಿದೆ ಎಂದರ್ಥ. ಬಾಯಿ ಮರಗಟ್ಟಿರುವಾಗ ಇದು ಗೊತ್ತಾಗುವುದಿಲ್ಲ. ವೈದ್ಯರು ಬಣ್ಣದ ಕಾಗದ ಕಚ್ಚಿಸಿ ನೋಡಿ, ಕೆಲವೇ ನಿಮಿಷಗಳಲ್ಲಿ ಉಜ್ಜಿ ಸರಿಪಡಿಸುತ್ತಾರೆ. ‘ಅಭ್ಯಾಸವಾಗುತ್ತದೆ’ ಎಂದು ಸುಮ್ಮನಿರಬಾರದು.

ತಾನಾಗಿ ಶುರುವಾಗಿ ಮಿಡಿಯುವ ನೋವು, ರಾತ್ರಿ ನಿದ್ದೆಗೆಡಿಸುವ ನೋವು, ಬಿಸಿ ತಾಗಿದ ಬಳಿಕ ಬಹಳ ಹೊತ್ತು ಉಳಿಯುವ ನೋವು ಕಾಣಿಸಿಕೊಂಡರೆ ಹಲ್ಲಿನೊಳಗಿನ ನರಕ್ಕೆ ಉರಿಯೂತ ತಗುಲಿರಬಹುದು. ಆಗ ರೂಟ್ ಕೆನಾಲ್ ಚಿಕಿತ್ಸೆ ಬೇಕಾದೀತು. ಮುಖ ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನೋವಿಗೆಂದು ಆಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಿಟ್ಟುಕೊಂಡರೆ ಒಸಡು ಸುಡುತ್ತದೆ. ನಶ್ಯ, ಹೊಗೆಸೊಪ್ಪು ಇಟ್ಟುಕೊಳ್ಳುವುದೂ ಹಾನಿಕರ.

ಬೈಟು ಕಾಫಿಯ ಲೆಕ್ಕ

ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಪಿಎಚ್ ಪ್ರಮಾಣ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಹೊರಕವಚವಾದ ಎನಾಮಲ್ ಕರಗತೊಡಗುತ್ತದೆ. ಜೊಲ್ಲು ಈ ಆಮ್ಲವನ್ನು ತಗ್ಗಿಸಲು ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಆದ್ದರಿಂದ ಎಷ್ಟು ಸಕ್ಕರೆ ತಿಂದೆವು ಎಂಬುದರಷ್ಟೇ ಎಷ್ಟು ಬಾರಿ ತಿಂದೆವು ಎಂಬುದೂ ಮುಖ್ಯ. ಕಚೇರಿಯಲ್ಲಿ ದಿನಕ್ಕೆ ಆರು ಬಾರಿ ಸಕ್ಕರೆ ಹಾಕಿದ ಬೈಟು ಕಾಫಿ ಕುಡಿದರೆ ಹೊಟ್ಟೆಗೆ ಹೋಗುವುದು ಮೂರು ಲೋಟವಾದರೂ ಹಲ್ಲಿನ ಮೇಲೆ ಆರು ಬಾರಿ ಆಮ್ಲದ ದಾಳಿಯಾಗುತ್ತದೆ. ಸಿಹಿ ತಿನ್ನುವುದಿದ್ದರೆ ಊಟದೊಂದಿಗೇ ತಿನ್ನುವುದು, ನಡುನಡುವೆ ನೀರು ಮಾತ್ರ ಕುಡಿಯುವುದು ಉತ್ತಮ.

ಬ್ರಷ್ ಬಿಡಬೇಡಿ

ತುಂಬಿಸಿದ ಹಲ್ಲಿಗೆ ಬ್ರಷ್ ತಾಗಿಸಲು ಹೆದರುವವರಿದ್ದಾರೆ. ಅಂದು ರಾತ್ರಿಯೇ ಮೃದುವಾದ ಬ್ರಷ್‌ನಿಂದ ಹಗುರವಾಗಿ ಉಜ್ಜಬಹುದು. ದಿನಕ್ಕೆರಡು ಬಾರಿ, ತಲಾ ಎರಡು ನಿಮಿಷ, ಫ್ಲೋರೈಡ್ ಇರುವ ಪೇಸ್ಟ್‌ನಿಂದ ಹಲ್ಲುಜ್ಜಬೇಕು. ರಾತ್ರಿ ಮಲಗುವ ಮುನ್ನ ಉಜ್ಜುವುದನ್ನು ತಪ್ಪಿಸಲೇಬಾರದು, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆ ಸ್ರವಿಸುತ್ತದೆ. ಉಜ್ಜಿದ ಬಳಿಕ ನೊರೆ ಉಗಿದರೆ ಸಾಕು. ಹೆಚ್ಚು ನೀರಿನಿಂದ ಮುಕ್ಕಳಿಸಿದರೆ ಫ್ಲೋರೈಡ್ ತೊಳೆದುಹೋಗುತ್ತದೆ. ಎರಡು ಹಲ್ಲುಗಳ ಸಂದಿನಲ್ಲಿ ತುಂಬಿಸಿದ್ದರೆ ದಿನಕ್ಕೊಮ್ಮೆ ಫ್ಲಾಸ್ ದಾರದಿಂದ ಅಲ್ಲಿ ಶುಚಿಗೊಳಿಸಬೇಕು.

ಯಾವ ಫಿಲ್ಲಿಂಗೂ ಶಾಶ್ವತವಲ್ಲ. ಅಂಚು ಒರಟಾದರೆ, ಚೂರು ಉದುರಿದರೆ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಆಹಾರ ಸಿಕ್ಕಿಕೊಂಡರೆ ನೋವು ಬರುವವರೆಗೆ ಕಾಯಬಾರದು. ಆರಂಭದಲ್ಲೇ ತೋರಿಸಿದರೆ ಸಣ್ಣ ದುರಸ್ತಿಯಲ್ಲಿ ಕೆಲಸ ಮುಗಿದೀತು.