ಬೇಸ್‌ಬಾಲ್ ಡ್ರಾಫ್ಟ್: ಹೊಸ ಆಟಗಾರರನ್ನು ಅಳೆಯುವ ಬಗೆ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ 30 ತಂಡಗಳು ಪ್ರತಿ ವರ್ಷ ಹೈಸ್ಕೂಲು ಮತ್ತು ಕಾಲೇಜುಗಳಿಂದ ಹೊಸ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವ ವ್ಯವಸ್ಥೆಗೆ ಡ್ರಾಫ್ಟ್ ಎಂದು ಹೆಸರು. ಹೀಗೆ ಆರಿಸಿದ ಹುಡುಗರಲ್ಲಿ ಯಾರು ಮುಂದೆ ಬರಬಹುದು, ಎಷ್ಟು ವರ್ಷ ಹಿಡಿಯಬಹುದು, ಯಾವ ಜಾಗದಲ್ಲಿ ಆಡಬಹುದು ಎಂದು ಅಂದಾಜು ಮಾಡುವುದೇ ಅಲ್ಲಿ ಒಂದು ದೊಡ್ಡ ಕಸುಬು. ಐಪಿಎಲ್ ಹರಾಜಿಗೂ ಇದಕ್ಕೂ ಅಜಗಜಾಂತರ. ಹರಾಜಿನಲ್ಲಿ ಬಿಕರಿಯಾಗುವವರಲ್ಲಿ ಹೆಚ್ಚಿನವರು ಆಗಲೇ ಆಡಿ ತೋರಿಸಿದವರು, ಮುಂದಿನ ಸೀಸನ್ನಿಗೇ ಅಂಗಳಕ್ಕೆ ಇಳಿಯುವವರು. ಡ್ರಾಫ್ಟ್‌ನಲ್ಲಿ ಹೆಸರು ಬಂದ ಹದಿನೆಂಟರ ಹುಡುಗ ಮಾತ್ರ ಕೆಳಹಂತದ ಮೈನರ್ ಲೀಗಿನ ಸಣ್ಣ ಊರುಗಳಲ್ಲಿ, ಬಸ್ ಪ್ರಯಾಣದಲ್ಲಿ, ನಾಲ್ಕೈದು ವರ್ಷ ಕಳೆಯಬೇಕು. ಬಹುಪಾಲು ಹುಡುಗರು ಮೇಜರ್ ಲೀಗನ್ನು ಮುಟ್ಟುವುದೇ ಇಲ್ಲ.

ಡ್ರಾಫ್ಟ್ ಶುರುವಾದದ್ದು 1965ರಲ್ಲಿ. ಅದಕ್ಕೂ ಮೊದಲು ಹಣವಿದ್ದ ತಂಡಗಳೇ ಒಳ್ಳೆಯ ಹುಡುಗರನ್ನು ಬಾಚಿಕೊಳ್ಳುತ್ತಿದ್ದವು. ಅದನ್ನು ತಡೆಯಲು ಹಿಂದಿನ ವರ್ಷ ಸೋತು ಕೆಳಗಿದ್ದವರಿಗೆ ಮೊದಲ ಆಯ್ಕೆ ಎಂಬ ನಿಯಮ ಬಂತು. ಮೊದಲ ಹೆಸರು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ರಿಕ್ ಮಂಡೇ ಅವರದು. ಕರೆದದ್ದು ಆಗಿನ ಕಾನ್ಸಸ್ ಸಿಟಿ ಅಥ್ಲೆಟಿಕ್ಸ್. ಅದೇ ವರ್ಷ ಜಾನಿ ಬೆಂಚ್ 36ನೆಯವರಾಗಿಯೂ ನೋಲನ್ ರಯಾನ್ 295ನೆಯವರಾಗಿಯೂ ಆಯ್ಕೆಯಾದರು. ಇಬ್ಬರೂ ಮುಂದೆ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದರು. ಊಹೆ ಎಷ್ಟು ತಪ್ಪಬಹುದು ಎಂಬುದು ಮೊದಲ ವರ್ಷವೇ ಗೊತ್ತಾಗಿಹೋಯಿತು. ಸೋತವರಿಗೇ ಮೊದಲ ಆಯ್ಕೆ ಖಾತ್ರಿ ಎಂದಾದಾಗ ಬೇಕೆಂದೇ ಸೋಲುವ ಆಸೆ ಹುಟ್ಟುತ್ತದೆ. ಹಾಗಾಗಿ 2023ರ ಡ್ರಾಫ್ಟ್‌ನಿಂದ ಮೊದಲ ಕೆಲವು ಸ್ಥಾನಗಳನ್ನು ಲಾಟರಿ ಎತ್ತಿ ನಿರ್ಧರಿಸುತ್ತಾರೆ. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾದಂಥ ದೇಶಗಳ ಹುಡುಗರು ಈ ಡ್ರಾಫ್ಟ್‌ಗೆ ಒಳಪಡುವುದಿಲ್ಲ, ಅವರ ನೇಮಕದ ದಾರಿಯೇ ಬೇರೆ.

ಹುಡುಗರನ್ನು ಹುಡುಕಿ, ನೋಡಿ, ವರದಿ ಬರೆಯುವವರು ಸ್ಕೌಟ್‌ಗಳು. ಅವರ ಅಳತೆಗೋಲು 20ರಿಂದ 80ರವರೆಗಿನ ಅಂಕ. ಮೇಜರ್ ಲೀಗಿನ ಸರಾಸರಿ ಆಟಗಾರನಿಗೆ 50. 80 ಎಂದರೆ ಒಂದು ತಲೆಮಾರಿನಲ್ಲಿ ಬೆರಳೆಣಿಕೆಯ ಮಂದಿಗೆ ಸಿಗುವ ಅಂಕ. ಈ ಪದ್ಧತಿಯನ್ನು ಜಾಕಿ ರಾಬಿನ್‌ಸನ್ ಅವರನ್ನು ಮೇಜರ್ ಲೀಗಿಗೆ ತಂದ ತಂಡದ ಆಡಳಿತಗಾರ ಬ್ರಾಂಚ್ ರಿಕಿ ಹೆಸರಿಗೆ ಜೋಡಿಸುವುದು ವಾಡಿಕೆ. ಬ್ಯಾಟರ್‌ಗೆ ಐದು ವಿಷಯಗಳಲ್ಲಿ ಅಂಕ: ಚೆಂಡಿಗೆ ಬ್ಯಾಟ್ ತಾಗಿಸುವ ಕೌಶಲ, ಹೊಡೆತದ ಬಲ, ಓಟ, ಫೀಲ್ಡಿಂಗ್, ಎಸೆತದ ತಾಕತ್ತು. ಚೆಂಡೆಸೆಯುವ ಪಿಚರ್‌ಗಾದರೆ ಒಂದೊಂದು ಬಗೆಯ ಎಸೆತಕ್ಕೂ ಒಂದೊಂದು ಅಂಕ, ಮೇಲೆ ನಿಯಂತ್ರಣಕ್ಕೆ ಮತ್ತೊಂದು. ಒಂದೊಂದು ವಿಷಯಕ್ಕೂ ಅಂಕ ಎರಡೆರಡು ಎಂಬುದೇ ಇದರ ವಿಶೇಷ. ಒಂದು ಇವತ್ತಿನದು, ಇನ್ನೊಂದು ಹುಡುಗ ಬಲಿತಾಗ ಬರಬಹುದಾದದ್ದು. ಹದಿನೆಂಟರ ಹುಡುಗನ ಹೊಡೆತದ ಬಲಕ್ಕೆ ಈಗ 30, ಮುಂದೆ 60 ಎಂದು ಬರೆದಿದ್ದರೆ, ಆ ನಡುವಿನ 30 ಅಂಕಗಳೇ ತಂಡ ಹಣ ಕೊಟ್ಟು ಕೊಳ್ಳುವ ಸರಕು.

ಓಟವನ್ನು ಅಳೆಯುವುದು ಎಲ್ಲಕ್ಕಿಂತ ಸುಲಭ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನಿಂದ ಮೊದಲ ಬೇಸ್‌ಗೆ 90 ಅಡಿ. ಸ್ಕೌಟ್ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಿರುತ್ತಾನೆ. ಬ್ಯಾಟ್ ಚೆಂಡಿಗೆ ತಾಗಿದ ಸದ್ದಿಗೆ ಹೆಬ್ಬೆರಳು ಒತ್ತುತ್ತದೆ, ಕಾಲು ಬೇಸ್ ಮುಟ್ಟಿದಾಗ ಮತ್ತೊಮ್ಮೆ. ಬಲಗೈ ಬ್ಯಾಟರ್ 4.3 ಸೆಕೆಂಡಿನಲ್ಲಿ ತಲುಪಿದರೆ 50 ಅಂಕ, 4 ಸೆಕೆಂಡಿನಲ್ಲಿ ತಲುಪಿದರೆ 80. ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಹತ್ತು ಅಂಕ ಏರುಪೇರು! ಎಡಗೈ ಬ್ಯಾಟರ್ ಬೇಸ್‌ಗೆ ಒಂದು ಹೆಜ್ಜೆ ಹತ್ತಿರ ನಿಂತಿರುವುದರಿಂದ ಅವನಿಗೆ ಲೆಕ್ಕ ಹತ್ತನೇ ಒಂದು ಸೆಕೆಂಡು ಬಿಗಿ.

ಚೆಂಡಿಗೆ ಬ್ಯಾಟ್ ತಾಗಿಸುವ ಕೌಶಲ ಇಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ. ಡ್ರಾಫ್ಟ್‌ನ ಹೆಚ್ಚಿನ ಅನಾಹುತಗಳು ಹುಟ್ಟುವುದು ಇಲ್ಲೇ. ಗಂಟೆಗೆ 150 ಕಿ.ಮೀ. ವೇಗದ ಚೆಂಡು ಪಿಚರ್ ಕೈಬಿಟ್ಟು ಪ್ಲೇಟ್ ತಲುಪಲು ಸುಮಾರು 0.4 ಸೆಕೆಂಡು ಸಾಕು. ಅಷ್ಟರೊಳಗೆ ಚೆಂಡನ್ನು ಗುರುತಿಸಿ, ಹೊಡೆಯಬೇಕೋ ಬಿಡಬೇಕೋ ತೀರ್ಮಾನಿಸಿ, ಬ್ಯಾಟ್ ಬೀಸಬೇಕು. ಹೈಸ್ಕೂಲಿನ ಹುಡುಗ ಅಂಥ ಎಸೆತವನ್ನು ಸೀಸನ್ನಿನಲ್ಲಿ ಎಷ್ಟು ಸಲ ಎದುರಿಸಿರುತ್ತಾನೆ? ಮೇಲಾಗಿ ಹೈಸ್ಕೂಲು, ಕಾಲೇಜುಗಳಲ್ಲಿ ಆಡುವುದು ಲೋಹದ ಬ್ಯಾಟಿನಲ್ಲಿ. ತಪ್ಪು ಜಾಗಕ್ಕೆ ತಗುಲಿದ ಚೆಂಡೂ ದೂರ ಹೋಗುತ್ತದೆ. ವೃತ್ತಿಪರ ಆಟಕ್ಕೆ ಮರದ ಬ್ಯಾಟು. ಅದಕ್ಕೇ ಕಾಲೇಜು ಹುಡುಗರು ಬೇಸಿಗೆಯಲ್ಲಿ ಮರದ ಬ್ಯಾಟು ಹಿಡಿದು ಆಡುವ ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಲೀಗಿಗೆ ಸ್ಕೌಟ್‌ಗಳು ಗುಂಪಾಗಿ ಬಂದು ಕೂರುತ್ತಾರೆ.

ಒಂದು ತಂಡದ ಒಂದು ವರ್ಷದ ಆಯ್ಕೆಯನ್ನು ಹೇಗೆ ತೂಗಬೇಕು ಎಂಬುದಕ್ಕೆ 2009ರ ಲಾಸ್ ಏಂಜಲೀಸ್ ಏಂಜಲ್ಸ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹಿಂದಿನ ಚಳಿಗಾಲದಲ್ಲಿ ಆ ತಂಡ ಮಾರ್ಕ್ ಟೆಶೇರಾ ಅವರನ್ನು ಯಾಂಕೀಸ್‌ಗೂ, ಫ್ರಾನ್ಸಿಸ್ಕೊ ರೊಡ್ರಿಗೆಸ್ ಅವರನ್ನು ಮೆಟ್ಸ್‌ಗೂ ಕಳೆದುಕೊಂಡಿತ್ತು. ಆಗಿನ ನಿಯಮದಂತೆ ಪರಿಹಾರವಾಗಿ ಆ ತಂಡಗಳ ಮೊದಲ ಸುತ್ತಿನ ಸರದಿ ಏಂಜಲ್ಸ್‌ಗೆ ಬಂತು. 24ನೆಯ ಆಯ್ಕೆಯಲ್ಲಿ ಟೆಕ್ಸಸ್‌ನ ರಾಂಡಲ್ ಗ್ರಿಚಕ್ ಹೆಸರು ಕರೆದರು. ಮರುಗಳಿಗೆಯಲ್ಲೇ 25ನೆಯವರಾಗಿ ನ್ಯೂಜೆರ್ಸಿಯ ಮಿಲ್‌ವಿಲ್ ಹೈಸ್ಕೂಲಿನ ಮೈಕ್ ಟ್ರೌಟ್. ಆಗ ಟ್ರೌಟ್‌ಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ.

ಇಪ್ಪತ್ತಕ್ಕೂ ಹೆಚ್ಚು ತಂಡಗಳು ಅವರನ್ನು ಏಕೆ ದಾಟಿ ಹೋದವು? ಕಾರಣಗಳು ಆಗ ಅರ್ಥವಿಲ್ಲದವೇನೂ ಆಗಿರಲಿಲ್ಲ. ಫ್ಲಾರಿಡಾ, ಕ್ಯಾಲಿಫೋರ್ನಿಯಾ, ಟೆಕ್ಸಸ್‌ನ ಹುಡುಗರು ಫೆಬ್ರವರಿಯಿಂದಲೇ ಬಿಸಿಲಿನಲ್ಲಿ ಆಡುತ್ತಾರೆ. ನ್ಯೂಜೆರ್ಸಿಯಲ್ಲಿ ಸೀಸನ್ ಶುರುವಾಗುವುದು ಏಪ್ರಿಲ್‌ನಲ್ಲಿ, ಅದೂ ಚಳಿ ಗಾಳಿಯಲ್ಲಿ; ಆಗ ಡ್ರಾಫ್ಟ್ ನಡೆಯುತ್ತಿದ್ದುದು ಜೂನ್‌ನಲ್ಲಿ. ನೋಡಲು ಸಿಗುವ ಪಂದ್ಯಗಳೇ ಕಡಿಮೆ, ಎದುರಾಳಿ ಪಿಚರ್‌ಗಳೂ ಸಾಧಾರಣ. ಏಂಜಲ್ಸ್‌ನ ಸ್ಕೌಟ್ ಗ್ರೆಗ್ ಮೊರ್‌ಹಾರ್ಡ್ ಅವರಿಗೆ ಮಾತ್ರ ಒಂದು ಅನುಕೂಲವಿತ್ತು. ಅವರು ಹುಡುಗನ ತಂದೆ ಜೆಫ್ ಟ್ರೌಟ್ ಜೊತೆ ಮೈನರ್ ಲೀಗಿನಲ್ಲಿ ಆಡಿದ್ದವರು, ಮನೆತನ ಬಲ್ಲವರು. ಸ್ಕೌಟಿಂಗ್ ಮುಖ್ಯಸ್ಥ ಎಡ್ಡಿ ಬೇನ್, ಮೊರ್‌ಹಾರ್ಡ್ ಮಾತಿಗೆ ಬೆಲೆ ಕೊಟ್ಟರು. ವಯಸ್ಸೂ ಟ್ರೌಟ್ ಪರವಾಗಿತ್ತು. ಹೈಸ್ಕೂಲು ಹುಡುಗರಲ್ಲಿ ಕೆಲವೇ ತಿಂಗಳು ಚಿಕ್ಕವರಾದವರು ಮುಂದೆ ಹೆಚ್ಚು ಫಲ ಕೊಡುತ್ತಾರೆ ಎಂದು ವಿಶ್ಲೇಷಕ ರ‍್ಯಾನಿ ಜಝಾಯರ್ಲಿ ಅಂಕಿಅಂಶಗಳಿಂದ ತೋರಿಸಿದ್ದು 2011ರಲ್ಲಿ, ಅಂದರೆ ಎರಡು ವರ್ಷ ತಡವಾಗಿ.

ಅದೇ ಡ್ರಾಫ್ಟ್‌ನಲ್ಲಿ ಏಂಜಲ್ಸ್ ಎಡಗೈ ಪಿಚರ್ ಟೈಲರ್ ಸ್ಕ್ಯಾಗ್ಸ್, ಒಕ್ಲಹೋಮ ವಿಶ್ವವಿದ್ಯಾಲಯದ ಗ್ಯಾರೆಟ್ ರಿಚರ್ಡ್ಸ್ ಮತ್ತು ಎರಡನೇ ಸುತ್ತಿನಲ್ಲಿ ಪ್ಯಾಟ್ರಿಕ್ ಕಾರ್ಬಿನ್ ಅವರನ್ನೂ ಆರಿಸಿತು. ರಿಚರ್ಡ್ಸ್ ಅವರ ಕಾಲೇಜಿನ ಅಂಕಿಗಳು ಚೆನ್ನಾಗಿರಲಿಲ್ಲ. ತಂಡ ನೆಚ್ಚಿದ್ದು ಅವರ ತೋಳಿನ ಬಲವನ್ನು. ಐವರೂ ಮೇಜರ್ ಲೀಗ್ ತಲುಪಿದರು. ಟ್ರೌಟ್ 2012ರಲ್ಲಿ ಅಮೆರಿಕನ್ ಲೀಗಿನ ಶ್ರೇಷ್ಠ ಹೊಸ ಆಟಗಾರ, ಮುಂದೆ 2014, 2016, 2019ರಲ್ಲಿ ಅತ್ಯಮೂಲ್ಯ ಆಟಗಾರ. ಆದರೆ ಫಲವೆಲ್ಲ ಏಂಜಲ್ಸ್ ಮಡಿಲಿಗೇ ಬೀಳಲಿಲ್ಲ. ಸ್ಕ್ಯಾಗ್ಸ್ ಮತ್ತು ಕಾರ್ಬಿನ್ ಅವರನ್ನು 2010ರಲ್ಲೇ ಪಿಚರ್ ಡ್ಯಾನ್ ಹ್ಯಾರನ್‌ಗಾಗಿ ಅರಿಜೋನಾ ತಂಡಕ್ಕೆ ಬಿಟ್ಟುಕೊಟ್ಟರು. 2019ರ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯವನ್ನು ವಾಷಿಂಗ್ಟನ್ ನ್ಯಾಷನಲ್ಸ್‌ಗೆ ಗೆದ್ದುಕೊಟ್ಟ ಪಿಚರ್ ಅದೇ ಕಾರ್ಬಿನ್. ಆ ಸರಣಿಯ ಶ್ರೇಷ್ಠ ಆಟಗಾರ ಸ್ಟೀಫನ್ ಸ್ಟ್ರಾಸ್‌ಬರ್ಗ್. 2009ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವರು ಅವರು. ಇಷ್ಟೆಲ್ಲ ಆರಿಸಿಕೊಟ್ಟ ಎಡ್ಡಿ ಬೇನ್ ಅವರನ್ನು ಮಾತ್ರ ಟ್ರೌಟ್ ಮೇಜರ್ ಲೀಗಿಗೆ ಕಾಲಿಡುವ ಮೊದಲೇ, 2010ರಲ್ಲಿ, ತಂಡ ಕೆಲಸದಿಂದ ತೆಗೆಯಿತು. ಡ್ರಾಫ್ಟ್ ಮುಗಿದ ಒಂದೇ ವರ್ಷಕ್ಕೆ ತೀರ್ಪು ಬರೆಯುವ ಆತುರಕ್ಕೆ ಇದಕ್ಕಿಂತ ಕಟುವಾದ ನಿದರ್ಶನ ಬೇಕಿಲ್ಲ.

ಈಗಲೂ ಡ್ರಾಫ್ಟ್ ಮುಗಿದ ಮರುದಿನ ಪತ್ರಿಕೆಗಳು ಒಂದೊಂದು ತಂಡಕ್ಕೂ ಎ, ಬಿ, ಸಿ ಎಂದು ಗ್ರೇಡ್ ಹಂಚುತ್ತವೆ. ಹೆಸರುಗಳ ಪಟ್ಟಿ ನೋಡಿ ಕೊಟ್ಟ ಗ್ರೇಡಿಗೆ ಹೆಚ್ಚು ಬೆಲೆಯಿಲ್ಲ. ಆ ದಿನ ನಿಜಕ್ಕೂ ಪರಿಶೀಲಿಸಬಹುದಾದದ್ದು ತಂಡದ ಯೋಚನೆಯನ್ನು: ಇದ್ದ ಹಣವನ್ನು ಹೇಗೆ ಹಂಚಿತು, ಯಾವ ಅಪಾಯವನ್ನು ಎಷ್ಟು ಬೆಲೆಗೆ ಕೊಂಡಿತು?

ಹಣದ ಲೆಕ್ಕ 2012ರಿಂದ ಬೇರೆಯಾಯಿತು. ಮೊದಲ ಹತ್ತು ಸುತ್ತುಗಳ ಪ್ರತಿ ಸ್ಥಾನಕ್ಕೂ ಲೀಗ್ ಒಂದು ಮೊತ್ತ ಗೊತ್ತು ಮಾಡಿತು. ಅವುಗಳ ಒಟ್ಟು ಮೊತ್ತವೇ ತಂಡ ಹುಡುಗರ ಸಹಿಗೆ ಕೊಡಬಹುದಾದ ಬೋನಸ್‌ನ ಮಿತಿ. ಒಬ್ಬನಿಗೆ ಕಡಿಮೆ ಕೊಟ್ಟು ಉಳಿಸಿದ್ದನ್ನು ಇನ್ನೊಬ್ಬನಿಗೆ ಕೊಡಬಹುದು. ಮೊದಲ ವರ್ಷವೇ ಹ್ಯೂಸ್ಟನ್ ಆಸ್ಟ್ರೋಸ್ ಇದರ ಮರ್ಮ ಹಿಡಿಯಿತು. ಬೈರನ್ ಬಕ್ಸ್‌ಟನ್ ಅವರೇ ಆ ವರ್ಷದ ಶ್ರೇಷ್ಠ ಪ್ರತಿಭೆ ಎಂದು ಬಹಳ ಮಂದಿ ನಂಬಿದ್ದಾಗ, ಪೋರ್ಟೊ ರಿಕೊದ ಕಾರ್ಲೋಸ್ ಕೊರಿಯ ಅವರನ್ನು ಮೊದಲ ಸ್ಥಾನದಲ್ಲಿ ಕರೆದು 48 ಲಕ್ಷ ಡಾಲರ್‌ಗೆ ಸಹಿ ಹಾಕಿಸಿಕೊಂಡಿತು. ಆ ಸ್ಥಾನದ ನಿಗದಿತ ಮೊತ್ತ 72 ಲಕ್ಷ. ಉಳಿದ ಹಣ ತೋರಿಸಿ, ಕಾಲೇಜಿಗೆ ಹೊರಟಿದ್ದ ಲಾನ್ಸ್ ಮೆಕಲರ್ಸ್ ಅವರನ್ನು 41ನೆಯ ಸ್ಥಾನದಲ್ಲಿ 25 ಲಕ್ಷ ಡಾಲರ್ ಕೊಟ್ಟು ಒಲಿಸಿತು. 2017ರಲ್ಲಿ ಹ್ಯೂಸ್ಟನ್ ವರ್ಲ್ಡ್ ಸೀರೀಸ್ ಗೆದ್ದಾಗ ಇಬ್ಬರೂ ತಂಡದಲ್ಲಿದ್ದರು. ಕೊರಿಯ ಹೆಸರೊಂದನ್ನೇ ನೋಡಿ ಗ್ರೇಡ್ ಕೊಟ್ಟವರಿಗೆ ಈ ಜೋಡಿ ಲೆಕ್ಕ ಕಂಡಿರಲಾರದು.

ದೇಹದ ಅಪಾಯವನ್ನು ಅಳೆಯುವುದು ಇನ್ನೂ ಬಿಕ್ಕಟ್ಟಿನ ಕೆಲಸ, ಪಿಚರ್‌ಗಳ ಮಟ್ಟಿಗಂತೂ ಹೇಳುವುದೇ ಬೇಡ. ಕುಮಾರ್ ರಾಕರ್ ಕಥೆ ಭಾರತೀಯ ಓದುಗರಿಗೂ ಹತ್ತಿರದ್ದು. ಅವರ ತಾಯಿಯ ಮನೆಯವರು ಭಾರತದಿಂದ ವಲಸೆ ಹೋದವರು. ತಂದೆ ಟ್ರೇಸಿ ರಾಕರ್ ಅಮೆರಿಕನ್ ಫುಟ್‌ಬಾಲ್ ಆಟಗಾರ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮೊದಲ ವರ್ಷದಲ್ಲೇ, 2019ರಲ್ಲಿ, ಡ್ಯೂಕ್ ವಿರುದ್ಧ 19 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದ್ದರು. 2021ರಲ್ಲಿ ಮೆಟ್ಸ್ ಅವರನ್ನು ಹತ್ತನೆಯವರಾಗಿ ಆರಿಸಿತು, 60 ಲಕ್ಷ ಡಾಲರ್‌ಗೆ ಮಾತೂ ಆಗಿತ್ತು. ವೈದ್ಯಕೀಯ ಪರೀಕ್ಷೆಯ ಬಳಿಕ ತಂಡ ಹಿಂದೆ ಸರಿಯಿತು. ರಾಕರ್ ಸ್ವತಂತ್ರ ಲೀಗೊಂದರಲ್ಲಿ ಆಡಿ, ಮರುವರ್ಷ ಮತ್ತೆ ಡ್ರಾಫ್ಟ್‌ಗೆ ಬಂದರು. ಟೆಕ್ಸಸ್ ರೇಂಜರ್ಸ್ ಅವರನ್ನು ಮೂರನೆಯವರಾಗಿ ಆರಿಸಿ 52 ಲಕ್ಷ ಡಾಲರ್ ಕೊಟ್ಟಿತು. 2023ರಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ, 2024ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್ ಪ್ರವೇಶ. ಒಂದೇ ತೋಳು ಒಂದು ತಂಡಕ್ಕೆ ಹತ್ತನೇ ಸ್ಥಾನಕ್ಕೂ ದುಬಾರಿ ಎನಿಸಿತು, ಇನ್ನೊಂದಕ್ಕೆ ಮೂರನೇ ಸ್ಥಾನಕ್ಕೂ ಯೋಗ್ಯ ಎನಿಸಿತು. ಯಾವ ಪರೀಕ್ಷೆಗೂ ಸಿಗದ ಅಪಾಯಗಳೂ ಇವೆ. 1991ರಲ್ಲಿ ಯಾಂಕೀಸ್ ಮೊದಲಿಗರಾಗಿ ಆರಿಸಿದ ಬ್ರಯನ್ ಟೇಲರ್ ಎರಡು ವರ್ಷದ ಬಳಿಕ ಜಗಳವೊಂದರಲ್ಲಿ ಭುಜಕ್ಕೆ ಪೆಟ್ಟು ಮಾಡಿಕೊಂಡು ಮೇಜರ್ ಲೀಗನ್ನೇ ಕಾಣಲಿಲ್ಲ.

ಅಂಕಿಅಂಶದವರೂ ಸ್ಕೌಟ್‌ಗಳೂ ಕಿತ್ತಾಡಿದ ಕಾಲ 2002ರ ಆಸುಪಾಸು. ಮೈಕೆಲ್ ಲೂಯಿಸ್ ಅವರ ‘ಮನಿಬಾಲ್’ ಪುಸ್ತಕ ಆ ವರ್ಷದ ಓಕ್ಲಂಡ್ ತಂಡದ ಡ್ರಾಫ್ಟನ್ನು ಜಗತ್ಪ್ರಸಿದ್ಧಗೊಳಿಸಿತು. ದಪ್ಪಗಿದ್ದಾನೆ ಎಂದು ಸ್ಕೌಟ್‌ಗಳು ತಳ್ಳಿಹಾಕಿದ್ದ ಜೆರೆಮಿ ಬ್ರೌನ್ ಅವರನ್ನು ಕಾಲೇಜಿನ ಅಂಕಿಗಳನ್ನು ನೆಚ್ಚಿ 35ನೆಯವರಾಗಿ ಆರಿಸಿದರು. ಮೇಜರ್ ಲೀಗಿನಲ್ಲಿ ಅವರು ಆಡಿದ್ದು ಐದೇ ಪಂದ್ಯ. ಅದೇ ಸಾಲಿನ ನಿಕ್ ಸ್ವಿಶರ್ ದೀರ್ಘಕಾಲ ಆಡಿದರು. ಈಗ ಆ ಜಗಳ ಹಳತಾಗಿದೆ. ಟ್ರ್ಯಾಕ್‌ಮ್ಯಾನ್ ರೇಡಾರ್ ಕಾಲೇಜು ಮೈದಾನಗಳಲ್ಲೇ ಚೆಂಡು ಎಷ್ಟು ಸುತ್ತು ತಿರುಗಿತು, ಬ್ಯಾಟ್ ಬಿಟ್ಟಾಗ ಎಷ್ಟು ವೇಗವಿತ್ತು ಎಂಬುದನ್ನು ಬರೆದಿಡುತ್ತದೆ. ಕ್ರಿಕೆಟ್ ನೋಡುವವರಿಗೆ ಎಲ್‌ಬಿಡಬ್ಲ್ಯೂ ರಿವ್ಯೂನಿಂದ ಪರಿಚಿತವಾದ ಹಾಕ್-ಐ ಕ್ಯಾಮೆರಾಗಳು 2020ರಿಂದ ಮೇಜರ್ ಲೀಗಿನ ಎಲ್ಲ ಮೈದಾನಗಳಲ್ಲೂ ಇವೆ. ಸ್ಕೌಟ್‌ನ ಕಣ್ಣಿಗೆ ಉಳಿದಿರುವ ಕೆಲಸ ಕಡಿಮೆಯೇನಲ್ಲ. ಮೂರು ಸಲ ಸೋತು ಬಂದ ಹುಡುಗ ನಾಲ್ಕನೇ ಸಲ ಬ್ಯಾಟ್ ಹಿಡಿದಾಗ ಏನು ಬದಲಿಸಿಕೊಂಡ ಎಂಬುದನ್ನು ಯಂತ್ರಕ್ಕಿಂತ ಅವನೇ ಚೆನ್ನಾಗಿ ಬಲ್ಲ.

ಸಹಿಯಾದ ಮೇಲೆ ಹುಡುಗ ಮೈನರ್ ಲೀಗಿನ ಕೆಳಹಂತಕ್ಕೆ ಹೋಗುತ್ತಾನೆ. ಅಲ್ಲಿನ ಮೊದಲ ಬೇಸಿಗೆಯ ಅಂಕಿಗಳನ್ನು ನಂಬಬಾರದು: ಪಂದ್ಯಗಳು ಕೆಲವೇ, ದೇಹವೂ ದಣಿದಿರುತ್ತದೆ. ಎರಡನೇ ವರ್ಷದಿಂದ ನೋಡಬೇಕಾದದ್ದು ಲೀಗಿನ ಸರಾಸರಿ ವಯಸ್ಸಿಗಿಂತ ಅವನು ಎಷ್ಟು ಚಿಕ್ಕವನು ಎಂಬುದನ್ನು, ಎಷ್ಟು ಸಲ ಸ್ಟ್ರೈಕ್‌ಔಟ್ ಆದ ಎಂಬುದನ್ನು. ತನಗಿಂತ ಮೂರು ವರ್ಷ ದೊಡ್ಡವರ ನಡುವೆ ಸಾಧಾರಣವಾಗಿ ಆಡಿದ ಹುಡುಗ, ಚಿಕ್ಕವರ ನಡುವೆ ಮೆರೆದವನಿಗಿಂತ ಎಷ್ಟೋ ಮೇಲು.

ಹುಡುಗನನ್ನು ಬೆಳೆಸುವ ತಂಡವೂ ಫಲದ ಅರ್ಧ ಪಾಲು. ಜೇಕಬ್ ಡಿಗ್ರಾಮ್ ಸ್ಟೆಟ್ಸನ್ ವಿಶ್ವವಿದ್ಯಾಲಯದಲ್ಲಿ ಶಾರ್ಟ್‌ಸ್ಟಾಪ್ ಸ್ಥಾನದ ಫೀಲ್ಡರ್ ಆಗಿದ್ದವರು. ಪಿಚರ್ ಆಗಿ ಆಡಿದ್ದು ಅಲ್ಪಕಾಲ ಮಾತ್ರ. 2010ರಲ್ಲಿ ಒಂಬತ್ತನೇ ಸುತ್ತಿನಲ್ಲಿ ಮೆಟ್ಸ್ ಸೇರಿ, 2018 ಮತ್ತು 2019ರಲ್ಲಿ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು. ಐದನೇ ಸುತ್ತಿನ ಮೂಕಿ ಬೆಟ್ಸ್, 13ನೇ ಸುತ್ತಿನ ಆಲ್ಬರ್ಟ್ ಪೂಹೋಲ್ಸ್ ಇಂಥವರೇ. ಇನ್ನೊಂದು ತುದಿಯಲ್ಲಿ ಪಾಲ್ ಸ್ಕೀನ್ಸ್ ಇದ್ದಾರೆ. 2023ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಅವರನ್ನು ಮೊದಲಿಗರಾಗಿ ಆರಿಸಿ 92 ಲಕ್ಷ ಡಾಲರ್ ಕೊಟ್ಟಿತು. ಮರುವರ್ಷ ಮೇ ತಿಂಗಳಲ್ಲೇ ಮೇಜರ್ ಲೀಗಿಗೆ ಬಂದು ನ್ಯಾಷನಲ್ ಲೀಗಿನ ಶ್ರೇಷ್ಠ ಹೊಸ ಆಟಗಾರರಾದರು. ಕಾದು ನೋಡುವ ಅಗತ್ಯವೇ ಬೀಳದ ಇಂಥ ಆಯ್ಕೆ ಅಪರೂಪ.

ಡ್ರಾಫ್ಟ್ ಈಗ ಚಿಕ್ಕದಾಗುತ್ತ ಬಂದಿದೆ. 1988ರಲ್ಲಿ ಡಾಜರ್ಸ್ ತಂಡ ಮ್ಯಾನೇಜರ್ ಟಾಮಿ ಲಸೋರ್ಡಾ ಅವರ ಸ್ನೇಹದ ಮುಲಾಜಿಗೆ 62ನೇ ಸುತ್ತಿನಲ್ಲಿ, 1,390ನೆಯವರಾಗಿ, ಮೈಕ್ ಪಿಯಾಝಾ ಅವರನ್ನು ಕರೆದಿತ್ತು. ಕ್ಯಾಚರ್ ಆಗಿ ಯಾರೂ ಹೊಡೆಯದಷ್ಟು ಹೋಮ್ ರನ್ ಹೊಡೆದು 2016ರಲ್ಲಿ ಅವರು ಹಾಲ್ ಆಫ್ ಫೇಮ್ ಸೇರಿದರು. 2019ರ ಹೊತ್ತಿಗೆ 40 ಸುತ್ತುಗಳಷ್ಟೇ ಉಳಿದಿದ್ದವು. ಕೋವಿಡ್ ವರ್ಷದಲ್ಲಿ ಐದು, 2021ರಿಂದ ಇಪ್ಪತ್ತು. ಅದೇ ವರ್ಷ ಮೈನರ್ ಲೀಗಿನ ಅಧಿಕೃತ ತಂಡಗಳನ್ನೂ 120ಕ್ಕೆ ಇಳಿಸಿದರು. ಆಯ್ಕೆಯಾಗದ ಹುಡುಗ ನೇರವಾಗಿ ತಂಡಗಳ ಜೊತೆ ಮಾತಾಡಿ ಸಣ್ಣ ಮೊತ್ತಕ್ಕೆ ಸಹಿ ಹಾಕುವ ದಾರಿ ಇನ್ನೂ ತೆರೆದಿದೆ. ಆದರೆ ಅವನನ್ನು ಕಾದು, ಆಡಿಸಿ, ಬೆಳೆಸುವಷ್ಟು ಜಾಗ ಕೆಳಹಂತದ ತಂಡಗಳಲ್ಲಿ ಮೊದಲಿನಷ್ಟು ಉಳಿದಿಲ್ಲ.