ಎರೆಭೂತ

ತೆಲಸಂಗದಿಂದ ಉತ್ತರಕ್ಕೆ ಹೊರಟರೆ ಮಹಾರಾಷ್ಟ್ರದ ಗಡಿ ದೂರವಿಲ್ಲ. ಕನ್ನಡ, ಮರಾಠಿ ಎರಡೂ ಒಂದೇ ಸಂತೆಯಲ್ಲಿ ಓಡಾಡುವ ಸೀಮೆ ಇದು. ಆದರೂ ಒಂದು ಹಕ್ಕಿಗೆ ಎರಡು ಭಾಷೆಗಳೂ ಇಟ್ಟ ಹೆಸರು ಬೇರೆಬೇರೆ. ಮರಾಠಿಗರಿಗೆ ಅದು ಮಾಳಢೋಕ. ಕನ್ನಡದ ಕರಿನೆಲದಲ್ಲಿ ಎರೆಭೂತ.

ಮರಾಠಿಯದನ್ನು ಬಿಡಿಸುವುದು ಸುಲಭ. ಮಾಳವೆಂದರೆ ಬಯಲು, ಆ ಪದ ಕನ್ನಡಕ್ಕೂ ಹೊಸದಲ್ಲ. ಢೋಕವೆಂದರೆ ಕೊಕ್ಕರೆ. ಹಕ್ಕಿಯೇನೋ ಕೊಕ್ಕರೆಯ ಕುಲದ್ದಲ್ಲ. ಉದ್ದ ಕಾಲು, ಉದ್ದ ಕೊರಳು ಕಂಡು ಹಾಗೆ ಕರೆದಿರಬೇಕು. ಪಂಡಿತರೂ ಇದೇ ದಾರಿ ಹಿಡಿದರು. ಶಾಸ್ತ್ರೀಯ ಹೆಸರಾದ ಆರ್ಡಿಯೋಟಿಸ್‌ನಲ್ಲಿರುವ 'ಆರ್ಡಿಯ' ಲ್ಯಾಟಿನ್ನಿನ ಬಕ. ನಮ್ಮ ಪುಸ್ತಕಗಳ ಹೆಬ್ಬಕವೂ ಹಿರಿದಾದ ಬಕವೇ!

ಒಕ್ಕಲಿಗ ಮಾತ್ರ ಬಕವನ್ನು ಹುಡುಕಿಕೊಂಡು ಹೋಗಲಿಲ್ಲ. ಎರೆ ಎಂದರೆ ಅವನ ಹೊಲದ ಕರಿಮಣ್ಣು. ಹದಿನೈದು ಕಿಲೋದವರೆಗೂ ತೂಗುವ ಗಂಡುಹಕ್ಕಿ ಬೆದೆಗಾಲದಲ್ಲಿ ಕೊರಳ ಚೀಲ ಉಬ್ಬಿಸಿ ಹೂಂಕರಿಸುತ್ತದೆ. ಮರವಿಲ್ಲದ ಬಯಲಲ್ಲಿ, ನಸುಕಿನ ಮಬ್ಬಿನಲ್ಲಿ ಆ ದನಿ ಕೇಳಿದವನು ಭೂತವೆನ್ನದೆ ಇನ್ನೇನೆಂದಾನು? ನನ್ನ ಊಹೆ ಇಷ್ಟು.

ಇದೇ ರಾಷ್ಟ್ರಪಕ್ಷಿಯಾಗಲೆಂದು ಸಲೀಂ ಅಲಿ ಬಯಸಿದ್ದರು; 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ಹುಲ್ಲುಬಯಲು ನೇಗಿಲಿಗೆ ಸಿಕ್ಕಿತು, ಬೇಟೆಗಾರರು ಬಿಡಲಿಲ್ಲ, ಆಮೇಲೆ ವಿದ್ಯುತ್ ತಂತಿಗಳು ಬಂದವು. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ತತ್ತಿ ಇಡುವ ಹಕ್ಕಿ ಎಷ್ಟೆಂದು ತಾಳೀತು? ಅದನ್ನು ಕಾಣದ ಮಕ್ಕಳಿಗೆ ಎರೆಭೂತವೆಂದರೆ ಬರೀ ದೆವ್ವದ ಕತೆ. ಸೊಲ್ಲಾಪುರದ ನಾನ್ನಜ್‌ನಲ್ಲಿ ಅದಕ್ಕೆಂದೇ 1979ರಲ್ಲಿ ಅಭಯಾರಣ್ಯ ಮಾಡಿದರು. ಕರ್ನಾಟಕದಲ್ಲಿ ಉಳಿದ ಬೆರಳೆಣಿಕೆಯ ಹಕ್ಕಿಗಳ ಸುದ್ದಿ ಬರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯಿಂದ. ಅಲ್ಲಿಯದೂ ಎರೆನೆಲವೇ.